ಹಿಂಸೆ ಒಂದೋ, ಹಲವೋ?

(ನಿವೃತ್ತ ನ್ಯಾಯಾಧೀಶರೊಬ್ಬರಿಗೂ ಮಕ್ಕಳ ವೈದ್ಯೆಯೊಬ್ಬರಿಗೂ ನಡೆದ ಸಂವಾದ)

ರಾಯರು: ಡಾಕ್ಟರಮ್ಮ, ಮಗುವಿನ ಮೇಲೆ ನಡೆಯುವ ಹೊಡೆತ, ನಿಂದೆ, ಲೈಂಗಿಕ ದೌರ್ಜನ್ಯ, ಉಪೇಕ್ಷೆ ಇವೆಲ್ಲವೂ ಒಂದೇ ಬಳ್ಳಿಯ ಕಾಯಿಗಳೆಂದು ನೀವು ಹೇಳುತ್ತಿದ್ದೀರಿ, ಬಹುಕಾಲ ನ್ಯಾಯಪೀಠದಲ್ಲಿ ಕುಳಿತವನಿಗೆ ಇದು ಸುಲಭವಾಗಿ ಒಪ್ಪಿಗೆಯಾಗತಕ್ಕ ಮಾತಲ್ಲ. ಲೈಂಗಿಕ ಅಪರಾಧಕ್ಕೆ 2012ರ ಪೋಕ್ಸೊ ಕಾಯಿದೆ, ಪಾಲಕನೇ ಎಸಗುವ ಕ್ರೌರ್ಯಕ್ಕೂ ಉಪೇಕ್ಷೆಗೂ 2015ರ ಬಾಲನ್ಯಾಯ ಕಾಯಿದೆಯ 75ನೆಯ ಕಲಮು, ಶಾಲೆಯ ಬೆತ್ತಕ್ಕೆ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು, ಹೀಗೆ ಶಾಸನಕರ್ತರು ಬೇರೆಬೇರೆ ವಿಧಿಗಳನ್ನು ಮಾಡಿರುವುದು ವ್ಯರ್ಥವಾಗಿಯಲ್ಲ; ಅಪರಾಧದ ಲಕ್ಷಣ ಸ್ಪಷ್ಟವಾಗದೆ ದಂಡಿಸುವುದು ಅಧರ್ಮ.

ವೈದ್ಯೆ: ದಂಡಿಸುವಾಗ ಆ ವಿಂಗಡಣೆ ಇರಲೇಬೇಕು, ರಾಯರೆ. ಆದರೆ ಕಡತಗಳು ಬೇರೆಯಾದ ಮಾತ್ರಕ್ಕೆ ಮಗುವಿನ ಅನುಭವವೂ ಬೇರೆಬೇರೆಯೆಂದು ನಾವು ನಂಬಿಬಿಟ್ಟಿದ್ದೇವೆ. ಕೈ ಮುರಿದು ಬಂದರೆ ಮೂಳೆಯ ವೈದ್ಯರು ಮೂಳೆ ಕೂಡಿಸುತ್ತಾರೆ. ತೂಕ ಏರದಿದ್ದರೆ ನಾನು ಪೌಷ್ಟಿಕ ಆಹಾರ ಬರೆದುಕೊಡುತ್ತೇನೆ. ದೊಡ್ಡವಳಾದ ಮೇಲೂ ಹಾಸಿಗೆ ಒದ್ದೆ ಮಾಡಿಕೊಂಡರೆ ಮೂತ್ರಪರೀಕ್ಷೆಗೆ ಕಳುಹಿಸುತ್ತೇವೆ. ಮೂರು ಚೀಟಿಯೂ ಒಬ್ಬಳೇ ಹುಡುಗಿಯವೆಂಬುದು ತಡವಾಗಿ ತಿಳಿಯುತ್ತದೆ.

ರಾಯರು: ದೃಷ್ಟಾಂತದಿಂದ ಸಿದ್ಧಾಂತವಾಗದು.

ವೈದ್ಯೆ: ಲೆಕ್ಕವೂ ಉಂಟು. 1985ರ ಸುಮಾರಿಗೆ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಸ್ಥೂಲಕಾಯರಿಗೆ ಚಿಕಿತ್ಸೆ ನೀಡುತ್ತಿದ್ದ ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು, ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟುಹೋಗುವುದನ್ನು ಕಂಡು ಕಾರಣವನ್ನು ವಿಚಾರಿಸಲಾಗಿ, ಅವರಲ್ಲಿ ಅನೇಕರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾಗಿದ್ದುದು ಹೊರಬಿತ್ತು. ಮುಂದೆ ರಾಬರ್ಟ್ ಆಂಡ ಅವರೊಡಗೂಡಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದ ಹೊಡೆತ, ನಿಂದೆ, ಲೈಂಗಿಕ ಪೀಡೆ, ಮನೆಯವರ ಕುಡಿತ, ತಾಯಿಗೆ ಬೀಳುತ್ತಿದ್ದ ಪೆಟ್ಟು ಮುಂತಾದುವನ್ನು ಬಿಡಿಬಿಡಿಯಾಗಿ ಅಲ್ಲ, ಒಟ್ಟಿಗೆ ಕೇಳಿದರು. ಅದೇ ಅಧ್ಯಯನದ 8,629 ಮಂದಿಯ ಉತ್ತರಗಳನ್ನು 2004ರಲ್ಲಿ ಪರಿಶೀಲಿಸಿದಾಗ, ಯಾವುದೇ ಒಂದು ಬಗೆಯ ಕೇಡನ್ನು ಕಂಡವರಲ್ಲಿ ನೂರಕ್ಕೆ 81ರಿಂದ 98 ಮಂದಿ ಇನ್ನೊಂದನ್ನಾದರೂ ಕಂಡವರೆಂದು ತೋರಿತು.

ರಾಯರು: ಬಡ ಕೇರಿಗಳ ಕಥೆ ಎನ್ನಿ.

ವೈದ್ಯೆ: ಅಲ್ಲ. ಅವರೆಲ್ಲ ಆರೋಗ್ಯವಿಮೆ ಉಳ್ಳವರು. ಹೆಚ್ಚಿನವರು ಕಾಲೇಜಿನ ಮೆಟ್ಟಿಲು ಹತ್ತಿದವರು.

ರಾಯರು: ನಮ್ಮ ಕೇಂದ್ರ ಸರ್ಕಾರದ 2007ರ ವರದಿಯನ್ನು ನಾನೂ ಓದಿದ್ದೇನೆ. 13 ರಾಜ್ಯಗಳ 12,447 ಮಕ್ಕಳಲ್ಲಿ ನೂರಕ್ಕೆ 69 ಮಕ್ಕಳು ಪೆಟ್ಟು ತಿಂದವರು, 53 ಮಕ್ಕಳು ಯಾವುದಾದರೊಂದು ರೂಪದ ಲೈಂಗಿಕ ಪೀಡೆಗೆ ಒಳಗಾದವರು. ಕೂಡಿಸಿದರೆ 122, ಮಕ್ಕಳು ಇರುವುದು ನೂರೇ ಆದಕಾರಣ ಕನಿಷ್ಠಪಕ್ಷ 22 ಮಕ್ಕಳು ಎರಡನ್ನೂ ಉಂಡವರಾಗಿರಲೇಬೇಕು. ನನ್ನ ಗಣಿತವೇ ನಿಮ್ಮ ಪಕ್ಷಕ್ಕೆ ಸಾಕ್ಷಿ ನುಡಿಯುತ್ತಿದೆ!

ವೈದ್ಯೆ: ಆ ಮಕ್ಕಳಲ್ಲಿ ಬೀದಿಯವರೂ ದುಡಿಯುವವರೂ ಸಂಸ್ಥೆಗಳಲ್ಲಿ ಬೆಳೆಯುವವರೂ ಇದ್ದರಾಗಿ ಅದನ್ನು ಇಡೀ ದೇಶದ ಪ್ರಮಾಣವೆಂದು ಹಿಡಿಯಲಾಗದು. ಆದರೂ ನಿಮ್ಮ ಲೆಕ್ಕ ಸುಳ್ಳಾಗದು.

ರಾಯರು: ಇರಲಿ. ಸಾಹಚರ್ಯವನ್ನು ತೋರಿಸಿದಿರಿ, ಕಾರ್ಯಕಾರಣಭಾವವನ್ನು ತೋರಿಸಲಿಲ್ಲ. ಒಂದರೊಡನೆ ಇನ್ನೊಂದು ಏಕೆ ಬರಬೇಕು?

ವೈದ್ಯೆ: ಮೊದಲನೆಯದಾಗಿ, ಮೂಕವಾದ ಹೊಡೆತವೆಂಬುದು ಇಲ್ಲ, ‘ನೀನು ಹುಟ್ಟದಿದ್ದರೆ ಚೆನ್ನಾಗಿತ್ತು’ ಎಂಬಂಥ ಮಾತು ಕೈಗಿಂತ ಮುಂಚೆ ಮೇಲೆ ಬಿದ್ದಿರುತ್ತದೆ. ಗಂಡನ ಏಟಿಗೆ ಹೆದರಿ ಮೂಲೆ ಸೇರಿದ ತಾಯಿ ಮಗುವಿಗೆ ಅಡ್ಡ ಬರಲಾರಳು, ಎಷ್ಟೋ ದಿನ ಉಣಿಸಲೂ ಆರಳು. ಅಲ್ಲಿಗೆ ಉಪೇಕ್ಷೆಯೂ ಸೇರಿತು. ಇನ್ನು, ಮಗುವನ್ನು ಕೆಡಿಸಬಯಸುವವನು, ಅವನು ನೆಂಟನೋ ನೆರೆಯವನೋ ಮನೆಪಾಠದವನೋ ಆಗಿರಲಿ, ಯಾವ ಮಗುವಿನ ಮಾತನ್ನು ಮನೆಯವರು ನಂಬುವುದಿಲ್ಲವೋ, ಯಾವ ಮಗು ಹೇಳಿದರೆ ತನಗೇ ಏಟೆಂದು ಅರಿತಿದೆಯೋ ಅದನ್ನೇ ಆರಿಸಿಕೊಳ್ಳುತ್ತಾನೆ. ಮನೆಯಲ್ಲಿ ಮಗುವಿನ ಮಾತಿಗೆ ಬೆಲೆಯಿಲ್ಲದಿರುವ ಸ್ಥಿತಿಯೇ ಈ ಎಲ್ಲಕ್ಕೂ ಆಶ್ರಯ.

ರಾಯರು: ಹಾಗಾದರೆ ಹೊತ್ತು ಹುಟ್ಟುವ ಮೊದಲೇ ಮಗುವನ್ನು ಬಿಟ್ಟು ಕೂಲಿಗೆ ಹೋಗುವ ತಾಯಿಯನ್ನೂ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದಿರಲ್ಲ?

ವೈದ್ಯೆ: ಎಂದಿಗೂ ಇಲ್ಲ. ಸಂಜೆ ಬಂದು, ಬೆವರು ಒರೆಸಿಕೊಳ್ಳುವ ಮುನ್ನ ‘ಇವತ್ತು ಏನಾಯ್ತು ಮಗಾ’ ಎಂದು ಕೇಳಿ, ಹೇಳಿದ್ದನ್ನು ನಂಬುವವಳು ಉಪೇಕ್ಷೆ ಮಾಡಿದವಳಲ್ಲ. ಹಗಲೆಲ್ಲ ಮನೆಯಲ್ಲಿದ್ದೂ ಕೇಳದಿರುವ ಸಿರಿವಂತರುಂಟು. ಬಡತನವನ್ನು ಉಪೇಕ್ಷೆಯೆಂದು ಬರೆದುಕೊಳ್ಳುವುದು ಅಧಿಕಾರಿಗಳ ಆಲಸ್ಯ.

ರಾಯರು: ಇನ್ನೊಂದು ಅಂಜಿಕೆ ಇದೆ. ಒಂದು ಬಾಸುಂಡೆ ಕಂಡೊಡನೆ ಮಿಕ್ಕೆಲ್ಲವನ್ನೂ ಊಹಿಸಿ, ನಿರಪರಾಧಿಯಾದ ತಂದೆಗೆ ಕಳಂಕ ಹಚ್ಚುವುದು; ಅಥವಾ ಆ ಮಗುವಿನ ಬಾಳೇ ಮುಗಿಯಿತೆಂದು ಷರಾ ಬರೆಯುವುದು.

ವೈದ್ಯೆ: ಎರಡನೆಯದನ್ನು ಆಂಡ ಅವರೇ 2020ರಲ್ಲಿ ನಿಷೇಧಿಸಿದರು: ಸಮುದಾಯದ ಲೆಕ್ಕದಿಂದ ಒಬ್ಬನ ಭವಿಷ್ಯವನ್ನು ಹೇಳಲಾಗದು. ಮೊದಲನೆಯದಕ್ಕೆ ನನ್ನ ಉತ್ತರವಿಷ್ಟೆ: ಕೇಳುವುದು ಆರೋಪಿಸುವುದಲ್ಲ. ಮಗುವನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, ಊಟ ಯಾರು ಹಾಕುತ್ತಾರೆ, ಎಲ್ಲಿ ಮಲಗುತ್ತೀಯೆ, ಯಾರನ್ನು ಕಂಡರೆ ಭಯ ಎಂದು ಕೇಳುವುದರಿಂದ ಯಾವ ತಂದೆಗೂ ಕಳಂಕ ತಟ್ಟದು.

ರಾಯರು: ಹಾಗಾದಲ್ಲಿ ನನ್ನ ತೀರ್ಪು ಇಷ್ಟು, ಡಾಕ್ಟರಮ್ಮ. ರುಜುವಾತು ಒಂದೊಂದು ಅಪರಾಧಕ್ಕೂ ಬೇರೆಬೇರೆಯೇ ಆಗತಕ್ಕದ್ದು. ಅದರಲ್ಲಿ ನಾನು ಕದಲುವವನಲ್ಲ. ವಿಚಾರಣೆಯಾದರೋ ಒಂದೇ ಆಗಿರಬೇಕು: ಒಂದು ಕಂಡಲ್ಲಿ ಉಳಿದೆಲ್ಲವನ್ನೂ ಕೇಳದೆ ಕಡತವನ್ನು ಮುಚ್ಚಲಾಗದು. ಲೈಂಗಿಕ ಅಪರಾಧದ ಶಂಕೆ ಬಂದವರು ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೊದ 19ನೆಯ ಕಲಮು ವಿಧಿಸಿದೆ. ಮಿಕ್ಕ ಸಂಕಟಗಳಿಗೂ ಮಕ್ಕಳ ಸಹಾಯವಾಣಿ 1098 ಇದೆ, ಅದಕ್ಕೆ ಕರೆ ಮಾಡಲು ದುಡ್ಡು ಬೇಕಿಲ್ಲ.