ಪ್ರಮಾದವೂ ಹಿಂಸೆಯೇ: ಒಂದು ಸಮುದ್ರ ದುರಂತದ ವಿಚಾರ

ವ್ಯಾಪಾರಿಯಾದವನು ಸಂಜೆ ಅಂಗಡಿಯ ಬಾಗಿಲು ಹಾಕುವ ಮೊದಲು ಗಲ್ಲಾಪೆಟ್ಟಿಗೆಯ ಹಣವನ್ನು ಕಿರ್ದಿಯ ಶಿಲ್ಕಿನೊಡನೆ ತಾಳೆ ನೋಡುತ್ತಾನೆ. ಎರಡು ರೂಪಾಯಿ ಕಡಿಮೆ ಬಂದರೂ ಮತ್ತೊಮ್ಮೆ ಎಣಿಸುತ್ತಾನೆ. ಇಷ್ಟಿರಬೇಕಾಗಿತ್ತು, ಆದ್ದರಿಂದ ಇಷ್ಟಿದೆ ಎಂದು ಬರೆದಿಡುವ ಗುಮಾಸ್ತನನ್ನು ಯಾವ ಮಾಲೀಕನೂ ಇಟ್ಟುಕೊಳ್ಳಲಾರ. ಹಣದ ವಿಷಯದಲ್ಲಿ ನಮಗಿರುವ ಈ ಎಚ್ಚರ ಮನುಷ್ಯರ ವಿಷಯದಲ್ಲಿಯೂ ಇದೆಯೇ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕಾಗಿ ದೂರದ ಸಮುದ್ರದಲ್ಲಿ ನಡೆದ ಒಂದು ದುರಂತವನ್ನು ವಾಚಕರ ಮುಂದಿಡುತ್ತಿದ್ದೇನೆ.

1998ರ ಜನವರಿ 25ರಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪೋರ್ಟ್ ಡಗ್ಲಸ್ ಪಟ್ಟಣದಿಂದ ದೋಣಿಯೊಂದು 26 ಮಂದಿ ಪ್ರವಾಸಿಗಳೊಡನೆ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಕಡೆಗೆ ಹೊರಟಿತು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕಿಳಿದು ಜಲಚರಗಳನ್ನು ನೋಡಿ ಬರುವ ಸ್ಕೂಬಾ ಡೈವಿಂಗ್ ಎಂಬ ವಿನೋದಕ್ಕಾಗಿ ಅವರೆಲ್ಲರೂ ಬಂದಿದ್ದರು. ಅಮೆರಿಕದ ದಂಪತಿಗಳಿಬ್ಬರು ಇನ್ನೂ ನೀರಿನಲ್ಲಿರುವಾಗಲೇ ದೋಣಿ ದಡಕ್ಕೆ ಮರಳಿತು. ಎಣಿಕೆ ನಡೆದಿರಲಿಲ್ಲವೆಂದಲ್ಲ, ಎಣಿಸುವ ಹೊತ್ತಿನಲ್ಲಿಯೇ ಇಬ್ಬರು ಈಜಲೆಂದು ನೀರಿಗೆ ಹಾರಿದ್ದರಿಂದ ಲೆಕ್ಕದಲ್ಲಿ ಗೊಂದಲವಾಯಿತೆಂದು ಮುಂದೆ ವಿಚಾರಣೆಯಲ್ಲಿ ಹೇಳಲಾಯಿತು. ಎರಡು ದಿನಗಳ ಮೇಲೆ, ದೋಣಿಯಲ್ಲಿ ಉಳಿದಿದ್ದ ಅವರ ಚೀಲವನ್ನು ಕಂಡಾಗ ಮಾತ್ರ ಇಬ್ಬರು ಹಿಂದಿರುಗಿಲ್ಲವೆಂಬುದು ತಿಳಿಯಿತು. ದೊಡ್ಡ ಶೋಧ ನಡೆದರೂ ಅವರ ದೇಹಗಳು ದೊರೆಯಲಿಲ್ಲ.

ದೋಣಿಯ ನಾಯಕನ ಮೇಲೆ ನರಹತ್ಯೆಯ ಆರೋಪ ಬಂದು, 1999ರಲ್ಲಿ ಆತ ನಿರ್ದೋಷಿಯೆಂದು ಬಿಡುಗಡೆಯಾದ. ಸಂಸ್ಥೆಯು ಅಲಕ್ಷ್ಯದ ತಪ್ಪನ್ನೊಪ್ಪಿ ದಂಡ ತೆತ್ತಿತು. ಈ ನಡುವೆ ಮೃತರ ದಿನಚರಿಯ ಬರಹಗಳನ್ನು ಹಿಡಿದುಕೊಂಡು, ಅವರು ತಾವಾಗಿಯೇ ಕಣ್ಮರೆಯಾಗಿರಬಹುದೆಂಬ ಊಹೆಯನ್ನೂ ಹರಡಲಾಯಿತು. ಉತ್ತರ ಹೇಳಲು ಬಾರದವರ ಮೇಲೆ ಹೊಣೆ ಹೊರಿಸುವುದು ಎಲ್ಲ ಕಾಲಕ್ಕೂ ಸುಲಭವಾದ ದಾರಿ.

ಇಲ್ಲಿ ಹೊಣೆ ಯಾರದು? ಅಪಾಯವಿದೆಯೆಂದು ತಿಳಿದೂ ಇಳಿದವರದೇ ಹೊಣೆ ಎಂಬುದು ಮೊದಲ ವಾದ. ಇದರಲ್ಲಿ ಅರ್ಧ ಸತ್ಯವಿದೆ. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೂ ಒತ್ತಡವು ಒಂದು ವಾಯುಭಾರದಷ್ಟು ಹೆಚ್ಚುತ್ತದೆ. ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶದ ಗಾಳಿ ಹಿಗ್ಗಿ ಪ್ರಾಣಕ್ಕೆ ಕುತ್ತು ಬರುತ್ತದೆ. ಅವಸರದಿಂದ ಮೇಲೇರಿದರೆ ದೇಹದಲ್ಲಿ ಕರಗಿದ ಸಾರಜನಕವು ಗುಳ್ಳೆಗಟ್ಟಿ ಅಂಗಗಳನ್ನು ಕೆಡಿಸಬಲ್ಲದು. ಆದುದರಿಂದ ತರಬೇತಿ ಪಡೆಯುವುದು, ರೋಗವನ್ನು ಮುಚ್ಚಿಡದಿರುವುದು, ಸಿಲಿಂಡರಿನ ಮಾಪಕವನ್ನು ಆಗಾಗ ನೋಡುವುದು, ಜೊತೆಗಾರನನ್ನು ಬಿಡದಿರುವುದು, ಇವು ಇಳಿಯುವವನ ಕರ್ತವ್ಯಗಳು. ಇವುಗಳಲ್ಲಿ ತಪ್ಪಿದವನು ಇತರರನ್ನು ದೂರುವಂತಿಲ್ಲ.

ಆದರೆ ಅಪಾಯಕ್ಕೆ ಒಪ್ಪಿಗೆ ಕೊಟ್ಟವನು ಇನ್ನೊಬ್ಬರ ಅಲಕ್ಷ್ಯಕ್ಕೂ ಒಪ್ಪಿಗೆ ಕೊಟ್ಟಂತಾಗುವುದಿಲ್ಲ. ವ್ಯಾಪಾರಿಗಳು ಸರಕನ್ನು 'ಓನರ್ಸ್ ರಿಸ್ಕ್' ಎಂದು ಬರೆಸಿ ಲಾರಿಗೆ ಹಾಕುವುದುಂಟು. ಗಾಜಿನ ಸಾಮಾನು ದಾರಿಯ ಕುಲುಕಾಟಕ್ಕೆ ಒಡೆದರೆ ನಷ್ಟ ನಮ್ಮದು. ಆದರೆ ಪೆಟ್ಟಿಗೆಯನ್ನು ದಾರಿಯಲ್ಲಿಳಿಸಿ ಮರೆತುಬರುವ ಹಕ್ಕನ್ನು ಆ ಎರಡು ಪದಗಳು ಯಾರಿಗೂ ಕೊಟ್ಟಿಲ್ಲ. ನೀರಿನೊಳಗಿರುವವನು ದೋಣಿಯ ಮೇಲೆ ಏನು ನಡೆದಿದೆಯೆಂಬುದನ್ನು ನೋಡಲಾರ. ತಾನು ಮೇಲೆ ಬಂದಾಗ ದೋಣಿಯಿರುತ್ತದೆ ಎಂಬ ವಿಶ್ವಾಸವೊಂದೇ ಅವನ ಆಧಾರ. ಅವನು ಸಹಿ ಹಾಕಿದ ಕಾಗದ ಆ ವಿಶ್ವಾಸವನ್ನು ರದ್ದುಪಡಿಸಲಾರದು.

ಬೇಕೆಂದು ಮಾಡಿದ್ದಲ್ಲವಾದ್ದರಿಂದ ತಪ್ಪೇ ಇಲ್ಲ ಎಂಬುದು ಎರಡನೆಯ ವಾದ. ನ್ಯಾಯಾಲಯವು ಶಿಕ್ಷೆಯ ದೃಷ್ಟಿಯಿಂದ ಉದ್ದೇಶ, ಸಾಕ್ಷ್ಯಗಳನ್ನು ತೂಗಿ ನೋಡಬೇಕಾಗುತ್ತದೆ; ಅದು ಸರಿಯೇ. ಆತ್ಮಪರೀಕ್ಷೆಯ ತಕ್ಕಡಿ ಮಾತ್ರ ಬೇರೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಖ್ಯವಾಗಿ ಹಿಡಿಯುತ್ತದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ರಾಗಾದಿಗಳಿಲ್ಲದೆ ಎಚ್ಚರದಿಂದ ನಡೆಯುವವನಿಂದ ಜೀವಹಾನಿಯಾದರೂ ಅವನಿಗೆ ಹಿಂಸಾದೋಷವಿಲ್ಲ. ಪ್ರಮಾದದಲ್ಲಿರುವವನಿಗಾದರೋ ಜೀವ ಸಾಯಲಿ, ಬದುಕಲಿ, ದೋಷ ತಪ್ಪಿದ್ದಲ್ಲ ಎಂಬುದು ಅವರ ಅಭಿಪ್ರಾಯದ ತಾತ್ಪರ್ಯ.

ಈ ಮಾತಿನ ಆಳವನ್ನು ಗಮನಿಸಬೇಕು. ಸರಿಯಾಗಿ ಎಣಿಸದೆ ದೋಣಿ ಹೊರಡಿಸಿದ ದಿನ ಎಲ್ಲರೂ ಸುಖವಾಗಿ ಮನೆ ಸೇರಿದ್ದರೂ ತಪ್ಪು ನಡೆದೇ ಇತ್ತು. ದುರಂತದ ದಿನ ಹುಟ್ಟಿದ್ದು ತಪ್ಪಲ್ಲ, ಅದರ ಫಲ ಮಾತ್ರ. 'ಇಷ್ಟು ವರ್ಷ ಏನೂ ಆಗಿಲ್ಲ' ಎಂಬ ಸಮಾಧಾನಕ್ಕಿಂತ ದೊಡ್ಡ ಪ್ರಮಾದವಿಲ್ಲ. 2019ರ ಸೆಪ್ಟೆಂಬರ್ 2ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ದ್ವೀಪದ ಬಳಿ ಕನ್ಸೆಪ್ಷನ್ ಎಂಬ ಡೈವಿಂಗ್ ಹಡಗು ರಾತ್ರಿ ಹೊತ್ತಿ ಉರಿದು, ಕೆಳಗೆ ಮಲಗಿದ್ದ 34 ಮಂದಿ ಸತ್ತರು. ರಾತ್ರಿ ಒಬ್ಬರು ಎಚ್ಚರವಿದ್ದು ಹಡಗಿನಲ್ಲಿ ಸುತ್ತು ಹಾಕಬೇಕೆಂಬ ನಿಯಮವಿತ್ತು. ಅಂದು ಯಾರೂ ಎಚ್ಚರವಿರಲಿಲ್ಲ. ನಾಯಕನಿಗೆ 2024ರಲ್ಲಿ 4 ವರ್ಷಗಳ ಸೆರೆವಾಸ ವಿಧಿಸಲಾಯಿತು. ಈ ಎರಡೂ ಪ್ರಸಂಗಗಳಲ್ಲಿ ಜನರು ಸತ್ತದ್ದು ಕಡಲಿನ ಆಳದಿಂದಲ್ಲ. ಎಣಿಸುವುದು, ಎಚ್ಚರವಿರುವುದು ಎಂಬ ಅತಿ ಸಾಮಾನ್ಯ ಕೆಲಸಗಳು ತಪ್ಪಿಹೋದವು.

ಇಷ್ಟನ್ನು ಬರೆಯುವ ನಾನು ನಿರ್ದೋಷಿಯಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಊರಿನಿಂದ 52 ಮಂದಿ ಶ್ರಾವಕ ಶ್ರಾವಿಕೆಯರನ್ನು ಬಸ್ಸಿನಲ್ಲಿ ಯಾತ್ರೆಗೆ ಕರೆದೊಯ್ದಿದ್ದೆ. ವೇಣೂರಿನಲ್ಲಿ ಬಾಹುಬಲಿ ಸ್ವಾಮಿಯ ದರ್ಶನವಾದ ಬಳಿಕ ಬಸ್ಸಿನ ಮುಂದೆ ನಿಂತು, "ಎಲ್ಲಾರೂ ಬಂದ್ರೇನು?" ಎಂದು ಕೇಳಿದೆ. ಹಿಂದಿನಿಂದ ಯಾರೋ "ಬಂದ್ರು" ಎಂದರು. ಬಸ್ಸು ಹೊರಟಿತು. ಧರ್ಮಸ್ಥಳ ಮುಟ್ಟಿದ ಮೇಲೆ ಎಪ್ಪತ್ತು ದಾಟಿದ ಒಬ್ಬ ವಿಧವೆ ತಾಯಿ ಇಲ್ಲವೆಂಬುದು ಗೊತ್ತಾಯಿತು. ಬಾಡಿಗೆ ಕಾರಿನಲ್ಲಿ ಹಿಂದಿರುಗಿದಾಗ ಆಕೆ ಮೆಟ್ಟಿಲ ಮೇಲೆ ಜಪಮಾಲೆ ಹಿಡಿದು ಕುಳಿತಿದ್ದರು. ಬೈಯಲಿಲ್ಲ. "ನೀ ಎಣಿಸ್ತಿ ಅಂತ ತಿಳಿದು ನಾ ಸಾವಕಾಶ ಪ್ರದಕ್ಷಿಣಿ ಹಾಕಿದೆ, ತಮ್ಮಾ" ಎಂದಷ್ಟೇ ಹೇಳಿದರು. ಆ ದಿನ ಬೆಳಿಗ್ಗೆ ಯಾತ್ರೆಯ ಹಣವನ್ನು ನಾನು ಎರಡು ಸಲ ಎಣಿಸಿದ್ದೆ.

ಆಕೆ ಬದುಕಿದ್ದರು, ನನ್ನ ಭಾಗ್ಯ. ಆದರೆ ನನ್ನ ತಪ್ಪಿಗೂ ಆ ದೋಣಿಯವರ ತಪ್ಪಿಗೂ ಜಾತಿ ಒಂದೇ. ಅಲ್ಲಿ ಸುತ್ತ ಸಮುದ್ರವಿತ್ತು, ಇಲ್ಲಿ ಕಲ್ಲಿನ ಮೆಟ್ಟಿಲಿತ್ತು. ಇದು ನನ್ನ ಪುರುಷಾರ್ಥವಲ್ಲ.

ಆ ದುರಂತದ ನಂತರ ಕ್ವೀನ್ಸ್‌ಲ್ಯಾಂಡ್ ಸರ್ಕಾರವು ಎಣಿಕೆಯ ನಿಯಮಗಳನ್ನು ಬಿಗಿಗೊಳಿಸಿತು. 2011ರಲ್ಲಿ ಜಲಕ್ರೀಡೆಗಳ ಸುರಕ್ಷತೆಗೆಂದೇ ಪ್ರತ್ಯೇಕ ಕಾಯಿದೆಯನ್ನು ಮಾಡಿತು. ನಮ್ಮ ಕರಾವಳಿಯಲ್ಲಿಯೂ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗಿಗಾಗಿ ದೋಣಿಗಳು ಹೋಗುತ್ತವೆ. ನಮ್ಮ ಮನೆಗಳ ಮಕ್ಕಳೂ ಹೋಗುತ್ತಾರೆ. ಅವರನ್ನು ತಡೆಯಬೇಕೆಂದು ನಾನು ಹೇಳುವುದಿಲ್ಲ. ಹೊರಡುವ ಮೊದಲು ಒಂದು ಪ್ರಶ್ನೆಯನ್ನು ಕೇಳಲು ಕಲಿಸೋಣ: ನಮ್ಮನ್ನು ಎಣಿಸುವವರು ಯಾರು? 'ನಾವೆಲ್ಲರೂ' ಎಂಬ ಉತ್ತರ ಬಂದರೆ ಯಾರೂ ಇಲ್ಲವೆಂದು ತಿಳಿಯಬೇಕು. ಹೊಣೆಗೆ ಒಂದು ಹೆಸರಿರಬೇಕು.

ಯಾತ್ರೆ, ಪಂಚಕಲ್ಯಾಣ, ಮಕ್ಕಳ ಶಿಬಿರಗಳನ್ನು ನಡೆಸುವ ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿಯೂ ಇದೇ. ಹೆಸರಿನ ಪಟ್ಟಿಯನ್ನು ಕೈಯಲ್ಲಿ ಹಿಡಿಯಿರಿ, ಒಬ್ಬರನ್ನು ನೇಮಿಸಿರಿ, ಆತ ಹೆಸರು ಕೂಗಿ, ಮುಖ ನೋಡಿ, ಗುರುತು ಹಾಕಲಿ. ಅನುಮಾನ ಬಂದರೆ ಮೊದಲಿನಿಂದ ಎಣಿಸಲಿ. ಹತ್ತು ನಿಮಿಷ ತಡವಾಗುತ್ತದೆ, ಆಗಲಿ. ನೆಲ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯನ್ನು ಮುನಿಗಳಲ್ಲಿ ಕಂಡು ಕೈಮುಗಿಯುವ ನಾವು, ನಮ್ಮನ್ನು ನಂಬಿ ಬಂದವರ ತಲೆ ಎಣಿಸುವಷ್ಟಾದರೂ ಅಪ್ರಮತ್ತರಾಗಿರೋಣ.