ಕೇಳದೆ ಮಾಡಿದ ಉಪಕಾರ

ನಮ್ಮ ಸೀಮೆಯಲ್ಲಿ ಮೈಲಾಪುರದ ಸಂಕ್ರಾಂತಿ ಜಾತ್ರೆಗಾಗಲಿ ಕೃಷ್ಣಾ ತೀರದ ತಿಂಥಣಿಯ ಜಾತ್ರೆಗಾಗಲಿ ನಡೆದು ಹೋದವರು ಒಂದು ನೋಟವನ್ನು ಮರೆತಿರಲಾರರು. ದಾರಿಯ ಬದಿಯಲ್ಲಿ ದೃಷ್ಟಿಯಿಲ್ಲದವರೂ ಕಾಲಿಲ್ಲದವರೂ ಬಟ್ಟೆ ಹಾಸಿಕೊಂಡು ಕೂತಿರುವರು. ಹೋಗುವವರು ಬಗ್ಗದೆಯೇ ಒಂದು ನಾಣ್ಯವನ್ನು ಹಾಕಿ ಮುಂದಕ್ಕೆ ಸಾಗುವರು. ಸಾಯಂಕಾಲವಾದಾಗ ಹಾಕಿದವನಿಗೆ ಪುಣ್ಯಕಾರ್ಯ ಮಾಡಿದೆನೆಂಬ ಸಮಾಧಾನ ಉಂಟಾಗುವದು. ಹಾಕಿಸಿಕೊಂಡವನೋ ಬೆಳಿಗ್ಗೆ ಕೂತಿದ್ದ ಸ್ಥಳದಲ್ಲಿಯೇ ಕೂತಿರುವನು. ಹೀಗಿರಲಾಗಿ ನಾವು ಒಂದು ಪ್ರಶ್ನೆಯನ್ನು ನಮ್ಮ ಮನಸ್ಸಾಕ್ಷಿಗೆ ಹಾಕಿಕೊಳ್ಳತಕ್ಕದ್ದು: ಒಬ್ಬನನ್ನು ಅವನು ಕೂತಲ್ಲಿಯೇ ಕೂತಿರುವಂತೆ ಬಿಡುವ ಸಹಾಯವು ಸಹಾಯವೆನಿಸುವದೋ?

ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮ ಸ್ವಂತ ತಪ್ಪಿನಿಂದ ಕಲಿತೆವು. ಅದನ್ನು ಮರೆಮಾಡದೆ ಇಲ್ಲಿ ತಿಳಿಸುತ್ತೇವೆ.

ಕೆಲವು ವರುಷಗಳ ಹಿಂದೆ ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ವಿಧವೆಯೂ ಆಕೆಯ ಮಗನೂ ಇದ್ದರು. ಮಗನಿಗೆ ಸುಮಾರು ಮೂವತ್ತು ವಯಸ್ಸು. ಚಿಕ್ಕಂದಿನಲ್ಲಿ ಪೋಲಿಯೋ ರೋಗದಿಂದ ಅವನ ಎರಡು ಕಾಲುಗಳೂ ಬತ್ತಿಹೋಗಿದ್ದವು. ನಾವು ಸಭೆಯವರಿಂದ ವಂತಿಗೆ ಕೂಡಿಸಿ ತಿಂಗಳು ತಿಂಗಳಿಗೆ ಜೋಳವನ್ನೂ ತೊಗರಿಬೇಳೆಯನ್ನೂ ಆ ಮನೆಗೆ ಮುಟ್ಟಿಸುತ್ತಿದ್ದೆವು. ಇಷ್ಟರಲ್ಲಿಯೇ ತೃಪ್ತರಾಗದೆ, ದೂರದ ಪಟ್ಟಣದ ಒಂದು ಆಶ್ರಯಮಂದಿರಕ್ಕೆ ಬರೆದು ಅವನಿಗಾಗಿ ಅಲ್ಲಿ ಸ್ಥಳವನ್ನು ಸಹ ಗೊತ್ತುಮಾಡಿದೆವು. ಈ ಸುದ್ದಿಯನ್ನು ತಿಳಿಸುವದಕ್ಕೆ ಸಂತೋಷದಿಂದ ಹೋಗಿ ತಾಯಿಯ ಮುಂದೆ ಎಲ್ಲವನ್ನೂ ವಿವರಿಸಿದೆವು. ಆಕೆ ಸೆರಗಿನಿಂದ ಕಣ್ಣೊರಸಿಕೊಂಡಳು. ಆಗ ಮೂಲೆಯ ಹೊರಸಿನಿಂದ ಮಗನು, “ಅಯ್ಯನವರೇ, ಎರಡು ವರುಷದಿಂದ ಈ ಮನೆಗೆ ಬರುತ್ತೀರಿ. ಪ್ರತಿಸಾರಿಯೂ ನನ್ನ ವಿಷಯವನ್ನು ನನ್ನ ತಾಯಿಯ ಸಂಗಡ ಮಾತಾಡಿದ್ದೀರಿ. ನನ್ನ ಸಂಗಡ ಒಂದು ಸಾರಿಯೂ ಮಾತಾಡಿದ್ದಿಲ್ಲ” ಎಂದನು.

ನಾವು ನಾಚಿಕೊಂಡೆವು. ಬಹಳ ಹೊತ್ತಿನ ತರುವಾಯ, “ಹಾಗಾದರೆ ನಿನಗೆ ಬೇಕಾದದ್ದು ಏನು?” ಎಂದು ಕೇಳಿದೆವು. ಅವನು ಸೋದರಮಾವನಿಂದ ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸವನ್ನು ಕಲಿತಿದ್ದನು. ಕೂತು ಮಾಡತಕ್ಕ ಕೆಲಸ. ಕಾಲು ಬೇಡ, ಕೈಯೂ ಕಣ್ಣೂ ಸಾಕು. ಆದರೆ ಮನೆಯು ಓಣಿಯ ಕೊನೆಯಲ್ಲಿತ್ತು, ಹೊಸ್ತಿಲು ಎತ್ತರವಾಗಿತ್ತು, ಮುಂದೆ ತೆರೆದ ಮೋರಿ. ಗಿರಾಕಿಗಳು ಅಲ್ಲಿಗೆ ಬಾರರು, ಅವನು ದೊಡ್ಡ ದಾರಿಗೆ ಹೋಗಲಾರನು. “ಮೋರಿಯ ಮೇಲೆ ಎರಡು ಫರಸಿ ಕಲ್ಲು, ಹೊಸ್ತಿಲಿಗೆ ಇಳಿಜಾರಾಗಿ ಎರಡು ಫರಸಿ ಕಲ್ಲು. ನಾಲ್ಕು ಕಲ್ಲು ಸಾಕು. ಆಮೇಲೆ ಮೂರುಗಾಲಿಯ ಗಾಡಿಗೆ ಅರ್ಜಿ ಕೊಡುವದಕ್ಕೆ ಯಾರಾದರೂ ಸಂಗಡ ಬರಬೇಕು” ಎಂದನು. ಎರಡು ವರುಷಗಳಲ್ಲಿ ನಾವು ಕೊಟ್ಟ ಜೋಳದ ಕ್ರಯವು ಆ ನಾಲ್ಕು ಕಲ್ಲುಗಳ ಕ್ರಯಕ್ಕಿಂತ ಅನೇಕ ಪಾಲು ಹೆಚ್ಚಾಗಿತ್ತು. ಯೆರಿಕೋವಿನ ದಾರಿಯಲ್ಲಿ ಕೂತಿದ್ದ ಕುರುಡನಿಗೆ ಏನು ಬೇಕೆಂಬದು ಸುತ್ತಲಿನವರೆಲ್ಲರಿಗೂ ತೋರುತ್ತಿದ್ದಾಗ್ಯೂ ಕರ್ತನು ಮೊದಲು ಅವನನ್ನೇ ಕೇಳಿದನೆಂಬ ವೃತ್ತಾಂತವನ್ನು ನಾವು ಎಷ್ಟೋ ಸಾರಿ ಬೋಧಿಸಿದ್ದೆವು. ಆ ಕೇಳುವಿಕೆಯನ್ನು ಮಾತ್ರ ಗಮನಿಸಿದ್ದಿಲ್ಲ.

ಈಗ ಸ್ವತಂತ್ರವಾಗಿ ಬಾಳುವದೆಂದರೇನು ಎಂಬದನ್ನು ಸ್ವಲ್ಪ ಆಲೋಚಿಸೋಣ. ಅನೇಕರು, ಯಾರ ಸಹಾಯವೂ ಇಲ್ಲದೆ ತನ್ನ ಕೆಲಸವನ್ನೆಲ್ಲಾ ತಾನೇ ಮಾಡಿಕೊಳ್ಳುವವನೇ ಸ್ವತಂತ್ರನೆಂದು ಹೇಳುವರು. ಇದು ನಿಜವಾದರೆ ಲೋಕದಲ್ಲಿ ಸ್ವತಂತ್ರರು ಒಬ್ಬರೂ ಇಲ್ಲ. ಶಹಾಪುರದ ಒಕ್ಕಲಿಗನು ನಾರಾಯಣಪುರದ ಆಣೆಕಟ್ಟಿನಿಂದ ಕಾಲುವೆಗೆ ನೀರು ಬಿಡುವವರನ್ನು ನೆಚ್ಚಿಕೊಂಡಿದ್ದಾನೆ. ಯಾದಗಿರಿಯ ವರ್ತಕನು ರೈಲನ್ನು ನೆಚ್ಚಿಕೊಂಡಿದ್ದಾನೆ. ಈ ಪತ್ರಿಕೆಯನ್ನು ಓದುವವರಲ್ಲಿ ಅನೇಕರು ಕನ್ನಡಕವಿಲ್ಲದೆ ಒಂದು ಸಾಲನ್ನೂ ಓದಲಾರರು. ಇವರನ್ನು ಯಾರೂ ಪರಾಧೀನರೆಂದು ಕರೆಯುವದಿಲ್ಲ.

ಇನ್ನೂ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಿರಿ. ೧೮೫೮ರಲ್ಲಿ ಸುರಪುರದ ನಾಯಕ ಅರಸರ ಆಳಿಕೆಯು ಮುಗಿಯಿತು. ಅದಕ್ಕೆ ಮುಂಚಿನ ಕಾಲದಲ್ಲಿ ಅರಸನು ಪಲ್ಲಕ್ಕಿಯಲ್ಲಿ ಕೂತು ಹೋಗುವಾಗ ತನ್ನ ಕಾಲಿನಿಂದ ಒಂದು ಹೆಜ್ಜೆಯನ್ನಾದರೂ ಇಡುತ್ತಿದ್ದನೋ? ಇಲ್ಲ, ಬೋಯಿಗಳು ಅವನನ್ನು ಹೊತ್ತರು. ಆದಾಗ್ಯೂ ಅವನನ್ನು ನೋಡಿ ಅಯ್ಯೋ ಪಾಪವೆಂದವರಿಲ್ಲ. ನಡೆಯಲಾರದ ಬಡವನನ್ನು ಸಹ ನಾಲ್ವರು ಹೊರಸಿನ ಮೇಲೆ ಹೊತ್ತುಕೊಂಡು ಹೋಗುವರು. ಅವನನ್ನು ನೋಡಿ ಎಲ್ಲರೂ ಮರುಗುವರು. ಇಬ್ಬರನ್ನೂ ಹೊತ್ತದ್ದು ಮನುಷ್ಯರ ಹೆಗಲೇ. ಭೇದವು ಎಲ್ಲಿ? ಪಲ್ಲಕ್ಕಿಯು ಅರಸನು ಹೇಳಿದ ಕಡೆಗೆ ಹೋಗುವದು. ಹೊರಸು ಹೊತ್ತವರು ನಿಶ್ಚಯಿಸಿದ ಕಡೆಗೆ ಹೋಗುವದು. ಆದಕಾರಣ ಸ್ವಾತಂತ್ರ್ಯವು ಸಹಾಯವಿಲ್ಲದಿರುವದರಲ್ಲಿ ಇಲ್ಲ. ಯಾವ ಕಡೆಗೆ ಹೋಗಬೇಕೆಂದು ಹೇಳುವ ಮಾತು ಯಾರದು ಎಂಬದರಲ್ಲಿ ಉಂಟು.

ಈ ಮಾತನ್ನು ಲೋಕಕ್ಕೆ ಚೆನ್ನಾಗಿ ತೋರಿಸಿಕೊಟ್ಟವರಲ್ಲಿ ಅಮೇರಿಕ ದೇಶದ ಎಡ್ ರಾಬರ್ಟ್ಸ್ ಎಂಬವನು ಒಬ್ಬನು. ಅವನು ೧೯೫೩ರಲ್ಲಿ, ಹದಿನಾಲ್ಕು ವರುಷದವನಾಗಿರುವಾಗ, ಪೋಲಿಯೋದಿಂದ ಕುತ್ತಿಗೆಯಿಂದ ಕೆಳಗೆ ಬಲವಿಲ್ಲದವನಾದನು. ಉಸಿರಾಡುವದಕ್ಕೂ ಯಂತ್ರವು ಬೇಕಾಗಿತ್ತು. ಕೆಲಸಕ್ಕೆ ಬಾರದವನೆಂದು ಸರಕಾರದ ಪುನರ್ವಸತಿ ಇಲಾಖೆಯು ಅವನನ್ನು ಮೊದಲು ತಳ್ಳಿಹಾಕಿತು. ಅವನಾದರೋ ೧೯೬೨ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯವನ್ನು ಸೇರಿ ಕಲಿತನು. ೧೯೭೨ರಲ್ಲಿ ಅದೇ ಊರಿನಲ್ಲಿ ಸಂಗಡಿಗರೊಂದಿಗೆ ಸ್ವತಂತ್ರ ಜೀವನದ ಕೇಂದ್ರವನ್ನು ಸ್ಥಾಪಿಸಿದನು. ಅಂಗವಿಕಲರೇ ಅದನ್ನು ನಡಿಸಿದರು. ಮನೆ ಹುಡುಕುವದು, ಸಹಾಯಕರನ್ನು ಗೊತ್ತುಮಾಡುವದು, ಗಾಡಿ ರಿಪೇರಿ ಮಾಡುವದು ಮುಂತಾದವು ಅದರ ಸೇವೆಗಳಾಗಿದ್ದವು. ಮೂರು ವರುಷಗಳಾದ ಮೇಲೆ ಅವನನ್ನು ತಳ್ಳಿಹಾಕಿದ್ದ ಇಲಾಖೆಗೇ ಅವನು ಮುಖ್ಯಾಧಿಕಾರಿಯಾದನು.

ಪರದೇಶದ ಮಾತು ನಮಗೆ ಯಾಕೆಂದು ಯಾರೂ ಹೇಳದಿರಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ದೃಷ್ಟಿಯಿಲ್ಲದ ಪಂಚಾಕ್ಷರಿ ಗವಾಯಿಗಳೂ, ಅವರ ತರುವಾಯ ೨೦೧೦ರಲ್ಲಿ ತೀರಿಕೊಳ್ಳುವ ತನಕ ದೃಷ್ಟಿಯಿಲ್ಲದ ಪುಟ್ಟರಾಜ ಗವಾಯಿಗಳೂ ದೃಷ್ಟಿಯಿಲ್ಲದ ಮಕ್ಕಳಿಗೆ ಸಂಗೀತವನ್ನು ಕಲಿಸಿ, ಬೇಡುವ ಕೈಗೆ ವಾದ್ಯವನ್ನು ಕೊಟ್ಟರು. ಬೆಂಗಳೂರಿನಲ್ಲಿ ೧೯೫೯ರಲ್ಲಿ ಅಂಗವಿಕಲರ ಸಂಸ್ಥೆಯನ್ನು ಸ್ಥಾಪಿಸಿದ ಎನ್. ಎಸ್. ಹೇಮಾ ಎಂಬವರು ಸಹ ಪೋಲಿಯೋದಿಂದ ಗಾಲಿಕುರ್ಚಿಯಲ್ಲಿ ಕೂತವರೇ. ಇವರೆಲ್ಲರಲ್ಲಿಯೂ ಒಂದೇ ಸಂಗತಿ ಕಾಣುತ್ತದೆ: ಹೇಗಂದರೆ, ಕೊರತೆಯನ್ನು ಸ್ವತಃ ಬಲ್ಲವರೇ ಸಹಾಯದ ರೀತಿಯನ್ನು ಗೊತ್ತುಮಾಡಿದರು.

ರಾಜ್ಯಶಾಸನವೂ ಈಗ ಈ ದಾರಿಗೆ ಬಂದಿರುತ್ತದೆ. ೨೦೦೬ರಲ್ಲಿ ಸಂಯುಕ್ತ ರಾಷ್ಟ್ರಸಂಘವು ಅಂಗೀಕರಿಸಿದ ಒಡಂಬಡಿಕೆಯ ೧೯ನೆಯ ಅನುಚ್ಛೇದವು ಅಂಗವಿಕಲರು ಜನರ ಮಧ್ಯದಲ್ಲಿ ಸ್ವತಂತ್ರವಾಗಿ ಬಾಳುವ ಹಕ್ಕನ್ನು ತಿಳಿಸುತ್ತದೆ. ನಮ್ಮ ದೇಶವು ೨೦೦೭ರಲ್ಲಿ ಇದಕ್ಕೆ ಒಪ್ಪಿತು. ತರುವಾಯ ಬಂದ ೨೦೧೬ರ ಕಾಯಿದೆಯು ೧೯೯೫ರ ಕಾಯಿದೆಗೆ ಬದಲಾಗಿ ನಿಂತು, ೨೧ ಬಗೆಯ ವಿಕಲತೆಗಳನ್ನು ಎಣಿಸಿ, ಇಂಥವರನ್ನು ಇಂಥ ಮಂದಿರದಲ್ಲಿಯೇ ಇರಬೇಕೆಂದು ಬಲವಂತಪಡಿಸಬಾರದೆಂಬದನ್ನೂ, ಮನೆಯಲ್ಲಿಯೂ ಊರಲ್ಲಿಯೂ ಬೇಕಾದ ಸಹಾಯವು ಅವರಿಗೆ ದೊರೆಯತಕ್ಕದ್ದೆಂಬದನ್ನೂ ತನ್ನ ೫ನೆಯ ಕಲಮಿನಲ್ಲಿ ಹೇಳುತ್ತದೆ. ೨೦೧೧ರ ಜನಗಣತಿಯ ಪ್ರಕಾರ ದೇಶದಲ್ಲಿ ೨ ಕೋಟಿ ೬೮ ಲಕ್ಷ ಅಂಗವಿಕಲರು. ಕರ್ನಾಟಕದಲ್ಲಿ ೧೩ ಲಕ್ಷಕ್ಕಿಂತ ಹೆಚ್ಚು. ದೇಶದ ಲೆಕ್ಕದಲ್ಲಿ ನೂರಕ್ಕೆ ಸುಮಾರು ೬೯ ಮಂದಿ ಹಳ್ಳಿಯವರು. ಆದಕಾರಣ ಇದು ಪಟ್ಟಣದ ದೊಡ್ಡ ಮಂದಿರಗಳ ವಿಷಯಕ್ಕಿಂತ ಹೆಚ್ಚಾಗಿ ನಮ್ಮ ಓಣಿಗಳ ವಿಷಯವಾಗಿದೆ.

ಓಣಿಯ ಮಟ್ಟದಲ್ಲಿಯೂ ಸಹಾಯದ ಏರ್ಪಾಡು ಇಲ್ಲದಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನೂ, ಅವರ ಮೇಲೆ ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಕಾರ್ಯಕರ್ತನೂ ಇರುವಂತೆ ಸರಕಾರವು ಏರ್ಪಡಿಸಿದೆ. ಗೌರವಧನದ ಮೇಲೆ ದುಡಿಯುವ ಈ ಗ್ರಾಮದ ಕಾರ್ಯಕರ್ತರು ತಾವೇ ಅಂಗವಿಕಲರೆಂಬದು ಗಮನಿಸತಕ್ಕ ಮಾತು. ಗುರುತಿನ ಚೀಟಿ, ಮಾಸಾಶನ, ಸಾಧನ ಸಲಕರಣೆ, ಉದ್ಯೋಗ ಖಾತರಿಯ ಕೆಲಸ ಇವುಗಳ ದಾರಿಯನ್ನು ಅವರು ಬಲ್ಲರು. ಪಂಚಾಯಿತಿಯು ತನ್ನ ನಿಧಿಯಲ್ಲಿ ಶೇಕಡಾ ೫ನ್ನು ಅಂಗವಿಕಲರ ಕ್ಷೇಮಕ್ಕೆ ವೆಚ್ಚಮಾಡತಕ್ಕದ್ದೆಂಬ ನಿಯಮವೂ ಉಂಟು. ನಾವು ಹೇಳಿದ ಆ ಮನುಷ್ಯನಿಗೆ ಮೂರುಗಾಲಿಯ ಗಾಡಿ ದೊರೆತದ್ದು ಇಂಥ ಒಬ್ಬ ಕಾರ್ಯಕರ್ತನು, ತಾನೇ ಊರುಗೋಲಿನ ಮೇಲೆ ನಡೆಯುವವನಾಗಿದ್ದಾಗ್ಯೂ, ನಾಲ್ಕು ಸಾರಿ ಕಛೇರಿಗೆ ಅಲೆದದ್ದರಿಂದಲೇ.

ಈ ಮಾತುಗಳಿಗೆ ವಿರೋಧವಾಗಿ ಮೂರು ಸಂಗತಿಗಳನ್ನು ಹೇಳುವವರು ಉಂಟು. ಅವುಗಳನ್ನು ಹಗುರಾಗಿ ಎಣಿಸಬಾರದು.

ಮೊದಲನೆಯದಾಗಿ, “ನಮ್ಮದು ಮಳೆ ತಪ್ಪುವ ಸೀಮೆ, ಕೈಕಾಲು ಗಟ್ಟಿಯಿದ್ದವರೇ ಕೂಲಿಗಾಗಿ ಬೆಂಗಳೂರಿಗೂ ಪುಣೆಗೂ ಗುಳೆ ಹೋಗುತ್ತಿರುವಾಗ ಅಂಗವಿಕಲರ ಸ್ವಾತಂತ್ರ್ಯದ ಮಾತು ಎಲ್ಲಿಯದು?” ಎನ್ನುವರು. ಆದರೆ ಗುಳೆ ಹೋದ ಮನೆಯಲ್ಲಿ ಉಳಿಯುವವರು ಯಾರು? ಮುದುಕರೂ ನಡೆಯಲಾರದವರೂ ಅಲ್ಲವೇ. ಹೊತ್ತುಕೊಂಡು ಹೋಗುವ ಅಣ್ಣತಮ್ಮಂದಿರು ಊರಲ್ಲಿಲ್ಲದ ಆ ತಿಂಗಳುಗಳಲ್ಲಿ ನೀರಿನ ನಲ್ಲಿಯ ತನಕ, ಕಕ್ಕಸಿನ ತನಕ ತಾನೇ ಹೋಗುವಂಥ ದಾರಿಯು ಭೋಗದ ವಸ್ತುವಲ್ಲ, ಪ್ರಾಣಧಾರಣೆಯ ವಸ್ತುವು. ಬಡ ಸೀಮೆಗೇ ಇದು ಹೆಚ್ಚು ಅವಶ್ಯ.

ಎರಡನೆಯದಾಗಿ ತಾಯಂದಿರ ಭಯ. “ಹೊರಗೆ ಬಿಟ್ಟರೆ ಬಿದ್ದಾನು, ಹುಡುಗಿಯಾದರೆ ಏನಾದರೂ ಆದೀತು” ಎಂದು ಅವರು ಬಾಗಿಲು ಮುಚ್ಚುವರು. ಈ ಭಯವು ಪ್ರೀತಿಯಿಂದ ಹುಟ್ಟಿದ್ದು. ಮೂವತ್ತು ವರುಷ ಮಗನನ್ನು ಎತ್ತಿ ಇಳಿಸಿದ ತಾಯಿಗೆ ಬುದ್ಧಿ ಹೇಳುವ ಯೋಗ್ಯತೆಯು ನಮಗಿಲ್ಲ. ಆದಾಗ್ಯೂ ಅಂಥ ತಾಯಂದಿರೇ ರಾತ್ರಿಯಲ್ಲಿ ನಿದ್ರೆಯಿಲ್ಲದೆ ಕೇಳಿಕೊಳ್ಳುವ ಪ್ರಶ್ನೆಯೊಂದುಂಟು: “ನನ್ನ ತರುವಾಯ ಇವನಿಗೆ ಯಾರು?” ಮುಚ್ಚಿದ ಬಾಗಿಲು ಈ ಪ್ರಶ್ನೆಗೆ ಉತ್ತರ ಕೊಡಲಾರದು. ತಾಯಿ ಇರುವಾಗಲೇ ಅಂಗಡಿಯವನೂ ನೆರೆಯವರೂ ಅವನ ಹೆಸರನ್ನು ಅರಿತಿದ್ದರೆ, ಅವನು ಹೊರಗೆ ಹೋಗಿ ಬರುವದನ್ನು ಕಲಿತಿದ್ದರೆ, ಆಕೆಯ ತರುವಾಯವೂ ಅವನಿಗೆ ಊರು ಇರುವದು. ನಡೆಯುವ ಪ್ರತಿ ಮಗುವೂ ಬಿದ್ದೇ ಕಲಿತದ್ದು. ಆ ಬೀಳುವಿಕೆಯನ್ನು ಒಬ್ಬರಿಗೆ ಮಾತ್ರ ನಿಷೇಧಿಸುವದು ದಯೆಯಲ್ಲ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು: “ಬುದ್ಧಿಯು ಬೆಳೆಯದವನನ್ನು ಏನೆಂದು ಕೇಳುವದು?” ಕೆಲವರಿಗೆ ಜೀವಮಾನವೆಲ್ಲಾ ಪೋಷಕರು ಬೇಕೆಂಬದು ಸತ್ಯ, ಇಂಥವರಿಗೋಸ್ಕರ ೧೯೯೯ರಲ್ಲಿ ರಾಷ್ಟ್ರೀಯ ನ್ಯಾಸದ ಕಾಯಿದೆಯು ಉಂಟಾಗಿ, ಕಾನೂನಿನ ಪ್ರಕಾರ ಪೋಷಕರನ್ನು ನೇಮಿಸುವ ದಾರಿಯನ್ನು ತೆರೆಯಿತು. ಆದರೆ ದೊಡ್ಡದನ್ನು ನಿಶ್ಚಯಿಸಲಾರದವನು ಚಿಕ್ಕದನ್ನೂ ನಿಶ್ಚಯಿಸಲಾರನೆಂಬದು ಸರಿಯಲ್ಲ. ಯಾವ ಅಂಗಿ ಬೇಕು, ಯಾರ ಪಕ್ಕದಲ್ಲಿ ಕೂಡಬೇಕು, ರೊಟ್ಟಿಯೋ ಅನ್ನವೋ, ಇವುಗಳನ್ನು ಮಾತು ಬಾರದವನೂ ಕಣ್ಣಿನಿಂದ ತಿಳಿಸುವನು. ಕೇಳುವವರಿಗೆ ತಾಳ್ಮೆಯಿದ್ದರೆ ಉತ್ತರವು ಬರುವದು; ಬಹುಮಟ್ಟಿಗೆ ಕೊರತೆಯಿರುವದು ನಮ್ಮ ತಾಳ್ಮೆಯಲ್ಲಿಯೇ.

ಹೀಗಿರುವದರಿಂದ ನಮ್ಮ ಹಳ್ಳಿಯ ಸಭೆಗಳು ಏನು ಮಾಡತಕ್ಕದ್ದು? ದಾನವನ್ನು ನಿಲ್ಲಿಸಿರೆಂದು ನಾವು ಹೇಳುವದಿಲ್ಲ. ಹಸಿದವನಿಗೆ ಜೋಳವು ಇಂದೇ ಬೇಕು. ಆದರೆ ದಾನದ ಮುಂಚೆ ಪ್ರಶ್ನೆಯು ಹೋಗಲಿ. ಒಬ್ಬನನ್ನು ಅವನ ಊನದಿಂದ ಕರೆಯುವ ದುರಭ್ಯಾಸವನ್ನು ಬಿಟ್ಟು ಹೆಸರಿನಿಂದ ಕರೆಯಿರಿ. ಅವನ ವಿಷಯವನ್ನು ಅವನ ಸಂಗಡಲೇ ಮಾತಾಡಿರಿ. ನಿಮ್ಮ ಗ್ರಾಮದ ಪುನರ್ವಸತಿ ಕಾರ್ಯಕರ್ತನು ಯಾರೆಂದು ತಿಳಿದುಕೊಂಡು, ಅವನು ಒಬ್ಬಂಟಿಗನಾಗಿ ಅಲೆಯದಂತೆ ಓದು ಬಲ್ಲ ಒಬ್ಬ ಯೌವನಸ್ಥನನ್ನು ಸಂಗಡ ಕಳುಹಿಸಿರಿ. ಗ್ರಾಮಸಭೆ ಕೂಡುವಾಗ ಆ ಶೇಕಡಾ ೫ರ ಲೆಕ್ಕವನ್ನು ಮರ್ಯಾದೆಯಿಂದ ಕೇಳಿರಿ; ಕೇಳುವದಕ್ಕೆ ಅಂಗವಿಕಲರನ್ನೇ ಮುಂದೆ ಕೂಡಿಸಿರಿ.

ಕೊನೆಗೆ ನಮ್ಮ ಬಾಗಿಲನ್ನೂ ನೋಡಿಕೊಳ್ಳೋಣ. ಆ ಮನೆಯ ನಾಲ್ಕು ಕಲ್ಲುಗಳನ್ನು ಹಾಕಿಸಿದ ಎರಡು ತಿಂಗಳಾದ ಮೇಲೆ ಅವನು ತನ್ನ ಗಾಡಿಯಲ್ಲಿ ಪ್ರಾರ್ಥನಾಲಯದ ತನಕ ಬಂದನು. ಬಂದು ಹೊರಗೆಯೇ ನಿಂತನು. ಯಾಕಂದರೆ ಅಲ್ಲಿ ಮೂರು ಮೆಟ್ಟಿಲುಗಳಿದ್ದವು. ಹದಿನೈದು ವರುಷ ನಾವು ದಿನಾಲೂ ಹತ್ತಿ ಇಳಿದ ಮೆಟ್ಟಿಲುಗಳು ಆ ದಿನವೇ ನಮ್ಮ ಕಣ್ಣಿಗೆ ಬಿದ್ದವು. ಇಬ್ಬರು ಹಿರಿಯರು ಅವನನ್ನು ಎತ್ತುವದಕ್ಕೆ ಮುಂದೆ ಹೋದರು. ಅವನು ನಕ್ಕು, “ಬೇಡಿರಿ, ಇವತ್ತು ಇಲ್ಲಿಯೇ ಕೇಳುತ್ತೇನೆ. ಮುಂದಿನ ವಾರಕ್ಕೆ ಕಲ್ಲು ಹಾಕಿಸಿರಿ” ಎಂದನು.

ಹಾಕಿಸಿದೆವು. ಈ ಸಾರಿ ಎಷ್ಟು ಇಳಿಜಾರು ಬೇಕೆಂದು ಮೊದಲು ಅವನನ್ನೇ ಕೇಳಿದೆವು.