ತಾನು ಮತ್ತು ಅನ್ಯ

1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಜ್ ಬಾರೆ-ಸಿನೂಸಿ ಮತ್ತು ಲ್ಯುಕ್ ಮೊಂತಾನ್ಯೆ ಅವರ ತಂಡವು ರೋಗಿಯೊಬ್ಬನ ದುಗ್ಧಗ್ರಂಥಿಯ ಕೋಶಗಳನ್ನು ದೇಹದ ಹೊರಗೆ ಪೋಷಕ ದ್ರವದಲ್ಲಿ ಬೆಳೆಸಿದಾಗ ಅವು ಸಾಯತೊಡಗಿದವು. ರಕ್ತದಾನಿಯ ಲಿಂಫೋಸೈಟ್‌ಗಳನ್ನು, ಅಂದರೆ ರೋಗನಿರೋಧಕ ಬಿಳಿ ರಕ್ತಕಣಗಳನ್ನು, ಸೇರಿಸಿದಾಗ ಅವಕ್ಕೂ ಸೋಂಕು ಹರಡಿ, ಮುಂದೆ ಎಚ್‌ಐವಿ ಎನಿಸಿಕೊಂಡ ವೈರಸ್ಸು ಪತ್ತೆಯಾಯಿತು.

ತನ್ನದನ್ನು ಅನ್ಯದಿಂದ ಬೇರ್ಪಡಿಸುವುದೇ ಇಂಥ ಕೋಶಗಳ ಧರ್ಮ. ಆದರೆ ಈ ವೈರಸ್ಸು ಕೋಶದ ಮೇಲ್ಮೈಯ ಸಿಡಿ4 ಎಂಬ ಪ್ರೋಟೀನನ್ನು ಹಿಡಿದು ಒಳಹೊಕ್ಕು, ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿಸಿ ವರ್ಣತಂತುವಿನಲ್ಲೇ ಹೆಣೆಯುವುದರಿಂದ, ಕೋಶ ಇಬ್ಭಾಗವಾದಾಗ ಅನ್ಯವೂ ತಾನಾಗಿಯೇ ನಕಲುಗೊಳ್ಳುತ್ತದೆ. 'ತಾನು' ಯಾವುದು ಎಂಬ ಪ್ರಶ್ನೆ ತತ್ತ್ವಶಾಸ್ತ್ರದ್ದೂ ಹೌದು. ಆದರೆ ದೇಹವು ದೃಶ್ಯವಾದ್ದರಿಂದ, ಅಂದರೆ ಅರಿವಿಗೆ ಕಾಣುವ ವಸ್ತುವಾದ್ದರಿಂದ, ಅದು ಆತ್ಮವಲ್ಲವೆನ್ನುವ ಅದ್ವೈತದ ವಾದವನ್ನು ಪ್ರಯೋಗಾಲಯದ ಈ ಕಾಣ್ಕೆ ಸಾಧಿಸಲಾರದು; ದೇಹದ ಮಟ್ಟದಲ್ಲಿ 'ತಾನು' ಎಂಬುದು ಸಿದ್ಧವಸ್ತುವಲ್ಲ, ಸದಾ ಕಾಯಬೇಕಾದ, ಕೆಲವೊಮ್ಮೆ ಕಾವಲುಗಾರನಲ್ಲೇ ಅಳಿಸಿಹೋಗುವ ಗಡಿ ಎಂಬುದನ್ನಷ್ಟೇ ಅದು ತೋರಿಸುತ್ತದೆ.